ಪಾವಗಡದ ನೀರು, ಕಂದು ಹಲ್ಲು ಮತ್ತು ಬಿಳುಪಿನ ಜೆಲ್

ನನ್ನ ಮೇಲಿನ ಸಾಲಿನ ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿದ್ದವು. ನಡುನಡುವೆ ಸುಣ್ಣ ಚಿಮುಕಿಸಿದ ಹಾಗೆ ಬಿಳಿ ಚುಕ್ಕೆಗಳು. ಪಾವಗಡ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಇದು ಯಾರಿಗೂ ವಿಶೇಷ ಅಲ್ಲ. ನನ್ನ ವಾರಗೆಯವರಲ್ಲಿ ಯಾರು ಬಾಯಿ ಬಿಟ್ಟರೂ ಹೀಗೇ. ಓದಿಗೆಂದು ತುಮಕೂರಿಗೆ, ಕೆಲಸಕ್ಕೆಂದು ಬೆಂಗಳೂರಿಗೆ ಬಂದ ಮೇಲೆಯೇ ಇದು ಜನರ ಕಣ್ಣಿಗೆ ಬೀಳುವ ಸಂಗತಿ ಎಂದು ತಿಳಿದದ್ದು.

ಒಂದು ಸಂದರ್ಶನದಲ್ಲಿ, ಪಾಠ ಹೇಳುವ ರೀತಿ ಎಲ್ಲ ಕೇಳಿ ಆದ ಮೇಲೆ, ಒಬ್ಬರು "ನೀವು ತಂಬಾಕು ಹಾಕ್ತೀರಾ?" ಅಂದರು. ಹಾಸ್ಟೆಲಿನಲ್ಲಿ "ದಿನಾ ಬ್ರಶ್ ಮಾಡಲ್ವಾ?" ಅಂದವರಿದ್ದರು. ಬೆಳಿಗ್ಗೆ, ರಾತ್ರಿ ಎರಡು ಹೊತ್ತು ತಪ್ಪದೆ ಉಜ್ಜುವವಳಿಗೆ ಈ ಮಾತು ಎಷ್ಟು ನೋಯಿಸುತ್ತದೆ ಎನ್ನುವುದು ನಮ್ಮ ಕಡೆಯವರಿಗೆ ಗೊತ್ತು. ಇದು ಕೊಳೆ ಅಲ್ಲ. ನಮ್ಮ ನೆಲದ ನೀರು ಹಲ್ಲಿನೊಳಗೆ ಮಾಡಿದ ಕೆಲಸ. ಹಾಗಾಗಿ ಬಿಳುಪಿನ ಜೆಲ್ ಬಳಸಿದ ಅನುಭವ ಹೇಳುವ ಮೊದಲು ಈ ನೀರಿನ ವಿಷಯ ಹೇಳಲೇಬೇಕು. ಯಾಕೆಂದರೆ ಜೆಲ್ ಕೆಲಸ ಮಾಡುವುದೂ ಬಿಡುವುದೂ ಹಲ್ಲಿನ ಕಲೆ ಎಂಥದ್ದು ಎನ್ನುವುದರ ಮೇಲೆ ನಿಂತಿದೆ.

ನಮ್ಮ ಕಡೆ ನೆಲದಡಿ ಗ್ರಾನೈಟ್ ಬಂಡೆ. ಅದರ ಖನಿಜಗಳಲ್ಲಿರುವ ಫ್ಲೋರೈಡ್ ನಿಧಾನವಾಗಿ ನೀರಿಗೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5 ತನಕ ಎಂದು ಭಾರತೀಯ ಮಾನಕ ಹೇಳುತ್ತದೆ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಎಷ್ಟೋ ಬೋರ್‌ವೆಲ್‌ಗಳ ನೀರು ಈ ಗೆರೆ ದಾಟಿರುತ್ತದೆ. ದವಡೆಯೊಳಗೆ ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು 8 ವರ್ಷದೊಳಗೆ, ಮಗು ಇಂಥ ನೀರು ಕುಡಿದರೆ ಹಲ್ಲಿನ ಮೇಲ್ಪದರ ಎನಾಮೆಲ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಕಣ್ಣಿಗೆ ಕಾಣದ ಸಣ್ಣ ರಂಧ್ರಗಳು ಉಳಿಯುತ್ತವೆ. ಹಲ್ಲು ಹುಟ್ಟುವಾಗ ಅಲ್ಲಿ ಬಿಳಿ ಮಚ್ಚೆ ಇರುತ್ತದೆ, ಅಷ್ಟೆ. ಆಮೇಲೆ ವರ್ಷಗಟ್ಟಲೆ ತಿಂದದ್ದು, ಕುಡಿದದ್ದು ಆ ರಂಧ್ರಗಳಿಗೆ ಇಳಿದು ಕಂದು ಬಣ್ಣ ಕಟ್ಟುತ್ತದೆ.

ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ಗೆ 1901ರಲ್ಲಿ ಹೋದ ಫ್ರೆಡರಿಕ್ ಮೆಕೇ ಎಂಬ ಯುವ ದಂತವೈದ್ಯ ಅಲ್ಲಿನ ಮಕ್ಕಳ ಹಲ್ಲುಗಳಲ್ಲಿ ಇದೇ ಕಂದು ಕಲೆ ಕಂಡ. ಕಾರಣ ಹುಡುಕುತ್ತಾ ವರ್ಷಗಳೇ ಕಳೆದವು. ನೀರಿನ ಫ್ಲೋರೈಡ್ ಎಂದು ಗೊತ್ತಾದದ್ದು 1931ರಲ್ಲಿ, ಚರ್ಚಿಲ್ ಎಂಬ ರಸಾಯನ ವಿಜ್ಞಾನಿಯಿಂದ. ಇದನ್ನು ಓದಿದ ದಿನ ನನಗೆ ವಿಚಿತ್ರವಾದ ಸಮಾಧಾನ ಆಯಿತು. ಅಷ್ಟು ದೂರದ ಮಕ್ಕಳಿಗೂ "ಹಲ್ಲು ಉಜ್ಜಲ್ವಾ" ಎಂದು ಯಾರಾದರೂ ಕೇಳಿರಬೇಕು.

ಊರಲ್ಲಿ ಮದ್ದುಗಳಿಗೆ ಬರ ಇಲ್ಲ. ಇದ್ದಿಲು ಪುಡಿ, ಉಪ್ಪು, ನಿಂಬೆಹೋಳು, ಸೋಡಾಪುಡಿ, ಬಸ್‌ಸ್ಟ್ಯಾಂಡಿನಲ್ಲಿ ಮಾರುವ ಕೆಂಪು ಪುಡಿ. ನನ್ನ ದೊಡ್ಡಪ್ಪನ ಮಗ ಇವೆಲ್ಲ ಉಜ್ಜಿ ಉಜ್ಜಿ ಈಗ ತಣ್ಣೀರು ಬಾಯಿಗೆ ಹಾಕಲಾರ. ಕಲೆ ಮಾತ್ರ ಹಾಗೇ ಇದೆ. ಒರಟು ಪುಡಿ ಎನಾಮೆಲನ್ನು ಸವೆಸುತ್ತದೆ, ನಿಂಬೆಯ ಹುಳಿ ಅದನ್ನು ಕರಗಿಸುತ್ತದೆ. ಎನಾಮೆಲ್ ತೆಳುವಾದರೆ ಅದರ ಕೆಳಗಿನ ಡೆಂಟಿನ್ ಪದರ ಜಾಸ್ತಿ ಕಾಣುತ್ತದೆ, ಅದರ ಬಣ್ಣವೇ ಹಳದಿ. ಅಂದರೆ ಬೆಳ್ಳಗಾಗಲೆಂದು ಉಜ್ಜಿದಷ್ಟೂ ಹಲ್ಲು ಹಳದಿಗೆ ತಿರುಗುತ್ತದೆ.

ಮೊಬೈಲಿನಲ್ಲಿ ನೇರಳೆ ಬಣ್ಣದ ಸೀರಮ್, ಜೆಲ್ ಪೆನ್, ನೀಲಿ ಬೆಳಕಿನ ಸಾಧನದ ಜಾಹೀರಾತುಗಳು ಸಾಲುಸಾಲು ಬರುತ್ತವೆ, ಅಲ್ವಾ? ತರಿಸೋಣ ಎನ್ನಿಸಿದ್ದೂ ಉಂಟು. ಅಷ್ಟರಲ್ಲಿ ನಮ್ಮ ಕಾಲೇಜಿನ ಸಹೋದ್ಯೋಗಿಯೊಬ್ಬರು ಅವರ ದಂತವೈದ್ಯೆಯ ಹತ್ತಿರ ಕರೆದುಕೊಂಡು ಹೋದರು. ಆ ಡಾಕ್ಟರ್ ಬಾಯಿ ನೋಡಿ ಕೇಳಿದ ಮೊದಲ ಪ್ರಶ್ನೆಯೇ "ಯಾವ ಊರು?" ಎಂದು. ಪಾವಗಡ ಎಂದೆ. "ಹಾಗಾದರೆ ಇದು ಫ್ಲೋರೋಸಿಸ್, ಫ್ಲೋರೈಡ್‌ನಿಂದ ಆದ ಕಲೆ, ನಿಮ್ಮ ತಪ್ಪೇನೂ ಇಲ್ಲ" ಅಂದರು. ಹಲ್ಲಿನ ವಿಷಯದಲ್ಲಿ ಈ ಮಾತನ್ನು ನನಗೆ ಹೇಳಿದ ಮೊದಲನೆಯವರು ಅವರು.

ನೇರಳೆ ಸೀರಮ್ ಬಗ್ಗೆ ಕೇಳಿದೆ. ಹಳದಿಯ ಮೇಲೆ ನೇರಳೆ ಛಾಯೆ ಕೂತಾಗ ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ, ಬಾಯಿ ತೊಳೆದರೆ ಹೋಯಿತು ಎಂದರು. ನೀಲಿ ಬೆಳಕಿನಿಂದ ಉಳಿಯುವಂಥ ಲಾಭ ಹೆಚ್ಚೇನೂ ಇಲ್ಲ, ಕೆಲಸ ಮಾಡುವುದು ಜೆಲ್ ಎಂದರು. ಆ ಜೆಲ್ಲಿನ ಜೀವಾಳ ಹೈಡ್ರೋಜನ್ ಪೆರಾಕ್ಸೈಡ್. ಅದು ಎನಾಮೆಲ್ ಮೂಲಕ ಒಳಗೆ ಇಳಿದು ಬಣ್ಣದ ದೊಡ್ಡ ಅಣುಗಳನ್ನು ಒಡೆಯುತ್ತದೆ. ಒಡೆದ ಚೂರುಗಳಿಗೆ ಆ ಗಾಢ ಬಣ್ಣ ಇರುವುದಿಲ್ಲ. ಹಾಗಾಗಿ ನನ್ನ ಕಂದು ಪಟ್ಟೆ ತಿಳಿಯಾಗುವ ಸಾಧ್ಯತೆ ಚೆನ್ನಾಗಿದೆ, ಆದರೆ ಬಿಳಿ ಚುಕ್ಕೆ ಹೋಗುವುದಿಲ್ಲ ಎಂದು ಮೊದಲೇ ಬಿಡಿಸಿ ಹೇಳಿದರು. ಅದು ಬಣ್ಣವಲ್ಲ, ಎನಾಮೆಲ್ ಕಟ್ಟಿಕೊಂಡ ರೀತಿಯೇ ಹಾಗೆ. ಸುತ್ತಲಿನ ಹಲ್ಲು ಬೆಳ್ಳಗಾದರೆ ಚುಕ್ಕೆ ಅಷ್ಟು ಎದ್ದು ಕಾಣದಿರಬಹುದು, ಅಷ್ಟೆ.

ಅವರು ಅವತ್ತೇ ಜೆಲ್ ಕೊಡಲಿಲ್ಲ. ಇದು ನನಗೆ ಬಹಳ ಇಷ್ಟವಾಯಿತು. ಮೊದಲು ಎಕ್ಸ್‌ರೇ. ಹಿಂದಿನ ಒಂದು ದವಡೆ ಹಲ್ಲಿನಲ್ಲಿ ಹುಳುಕು ಕಂಡಿತು. ತೂತಿರುವ ಹಲ್ಲಿಗೆ ಪೆರಾಕ್ಸೈಡ್ ಸೋಕಿದರೆ ನೇರ ನರದ ತನಕ ಹೋಗುತ್ತದೆ, ಹಾಗಾಗಿ ಅದನ್ನು ತುಂಬಿಸಿದ ಮೇಲೆಯೇ ಮುಂದಿನ ಮಾತು. ಆಮೇಲೆ ಹಲ್ಲು ಕ್ಲೀನಿಂಗ್. ಮನೆಗೆ ಹೋಗಿ ಪೊಟ್ಯಾಶಿಯಮ್ ನೈಟ್ರೇಟ್ ಇರುವ ಟೂತ್‌ಪೇಸ್ಟ್ ಬಳಸುತ್ತಾ ಇರಿ, ಜುಮ್ಮೆನ್ನುವುದು ಕಡಿಮೆಯಾಗುತ್ತದೆ ಎಂದರು. ಮುಂದಿನ ಒಂದು ಹಲ್ಲಿಗೆ ಕಾಲೇಜು ದಿನಗಳಲ್ಲಿ ಹಾಕಿಸಿದ್ದ, ಹಲ್ಲಿನ ಬಣ್ಣದ ರೆಸಿನ್ ಫಿಲ್ಲಿಂಗ್ ಇತ್ತು. ಫಿಲ್ಲಿಂಗ್, ಕ್ಯಾಪ್ ಇವುಗಳ ಬಣ್ಣವನ್ನು ಯಾವ ಜೆಲ್ಲೂ ಬದಲಿಸುವುದಿಲ್ಲ. ಹಲ್ಲು ಬೆಳ್ಳಗಾಗಿ ಅದೊಂದು ಹಳೆಯ ಬಣ್ಣದಲ್ಲೇ ಉಳಿಯುತ್ತದೆ, ಕೊನೆಗೆ ಅದನ್ನು ಬದಲಿಸಬೇಕಾಗುತ್ತದೆ, ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ ಎಂದು ಹೇಳಿದರು. ಬಸುರಿಯರು, ಹಾಲುಣಿಸುವವರಿಗೆ ಅವರು ಕೊಡುವುದೇ ಇಲ್ಲ. ನನ್ನನ್ನೂ ಅದನ್ನು ಕೇಳಿದರು.

ಮುಂದಿನ ಸಲ ಹೋದಾಗ ಬಣ್ಣ ಅಳೆದರು. ವೀಟಾ ಶೇಡ್ ಗೈಡ್ ಎಂಬ ಪಟ್ಟಿಯಲ್ಲಿ 16 ಹಲ್ಲಿನ ಮಾದರಿಗಳಿರುತ್ತವೆ. ಎ ಎಂದರೆ ಕಂದು ಕಡೆಗೆ, ಬಿ ಹಳದಿ ಕಡೆಗೆ, ಸಿ ಬೂದು. ಪಕ್ಕದ ಅಂಕಿ ಏರಿದಷ್ಟೂ ಬಣ್ಣ ಗಾಢ. ನನ್ನದು ಎ 3.5 ಹತ್ತಿರ, ಪಟ್ಟೆಗಳು ಅದಕ್ಕಿಂತ ಗಾಢ. ಹಲ್ಲು ಒದ್ದೆಯಿರುವಾಗಲೇ ನೋಡಬೇಕು, ಒಣಗಿದರೆ ಸುಮ್ನೆ ಬೆಳ್ಳಗೆ ಕಾಣುತ್ತದೆ ಎಂದು ಬೇಗ ಬೇಗ ಫೋಟೊ ತೆಗೆದರು. ಆಮೇಲೆ ಅಚ್ಚು. ಆಲ್ಜಿನೇಟ್ ಪುಡಿಯನ್ನು ನೀರಲ್ಲಿ ಕಲಸಿ, ಲೋಹದ ತಟ್ಟೆಯಲ್ಲಿಟ್ಟು ಬಾಯೊಳಗೆ ಒತ್ತಿ ಹಿಡಿದರು. ಗಂಟಲ ತನಕ ಬಂದಂತಾಗಿ ಓಕರಿಕೆ ಬಂತು. ತಲೆ ಮುಂದಕ್ಕೆ ಬಗ್ಗಿಸಿ ಮೂಗಿನಿಂದ ಉಸಿರಾಡಿ ಎಂದರು, ಸರಿಹೋಯಿತು. ಆ ಅಚ್ಚಿಗೆ ಜಿಪ್ಸಮ್ ಹೊಯ್ದು ನನ್ನ ಹಲ್ಲಿನ ಪಡಿಯಚ್ಚು ಮಾಡಿ, ಅದರ ಮೇಲೆ ತೆಳು ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಎಳೆದು ಕೂರಿಸಿ, ವಸಡಿನ ಅಂಚಿಗೆ ಸರಿಯಾಗಿ ಕತ್ತರಿಸಿ, ಜೆಲ್ ಹಾಕಿ ಹಲ್ಲಿಗೆ ತೊಡುವ ಟ್ರೇ ಮಾಡಿದರು. ಅಳತೆಗೆ ಮಾಡಿದ ಈ ಟ್ರೇಯೇ ಇಡೀ ವಿಧಾನದ ಮುಖ್ಯ ಭಾಗ ಎಂದು ಬಳಸಿದ ಮೇಲೆ ನನಗೆ ಅನ್ನಿಸಿದೆ. ಎಲ್ಲರಿಗೂ ಒಂದೇ ಅಳತೆಯ ಟ್ರೇಗಳಲ್ಲಿ ಜೆಲ್ ವಸಡಿನ ಮೇಲೆ ಹರಿಯುತ್ತದೆ, ಎಂಜಲು ಒಳಗೆ ನುಗ್ಗುತ್ತದೆ. ಎಂಜಲಿನಲ್ಲಿ ಪೆರಾಕ್ಸೈಡನ್ನು ಒಡೆಯುವ ಕಿಣ್ವಗಳಿವೆ, ಹಾಗಾಗಿ ಜೆಲ್ ಅಲ್ಲೇ ವ್ಯರ್ಥ.

ಕೊಟ್ಟ ಜೆಲ್ 10 ಶೇಕಡಾ ಕಾರ್ಬಮೈಡ್ ಪೆರಾಕ್ಸೈಡ್. ಅಂಗಡಿಯಲ್ಲಿ 35 ಶೇಕಡಾ ಎಂದೆಲ್ಲ ನೋಡಿದ್ದವಳಿಗೆ ಇದು ತೀರಾ ಕಡಿಮೆ ಎನ್ನಿಸಿತು. ಡಾಕ್ಟರ್ ಬಿಡಿಸಿ ಹೇಳಿದರು. ಕಾರ್ಬಮೈಡ್ ಪೆರಾಕ್ಸೈಡ್ 10 ಶೇಕಡಾ ಇದ್ದರೆ ಅದರಿಂದ ಹೊರಬರುವ ಹೈಡ್ರೋಜನ್ ಪೆರಾಕ್ಸೈಡ್ ಸುಮಾರು 3.5 ಶೇಕಡಾ, ಉಳಿದದ್ದು ಯೂರಿಯಾ. ಎರಡರ ಅಂಕಿಯನ್ನು ಹೋಲಿಸುವಾಗ ಇದನ್ನು ನೆನಪಿಡಬೇಕು. ಇದು ನಿಧಾನವಾಗಿ ಬಿಡುಗಡೆಯಾಗುತ್ತದೆ. ಮೊದಲ ಎರಡು ಗಂಟೆಯಲ್ಲಿ ಅರ್ಧದಷ್ಟು, ಉಳಿದದ್ದು ರಾತ್ರಿಯುದ್ದಕ್ಕೂ. ಗಾಢವಾದ ಜೆಲ್ ಬೇಗ ಫಲ ತೋರಿಸುತ್ತದೆ, ಆದರೆ ಜುಮ್ಮೆನ್ನುವುದೂ ಜಾಸ್ತಿ. ಕೊನೆಗೆ ಹಲ್ಲು ತಲುಪುವ ಬಿಳುಪು ಹೆಚ್ಚುಕಡಿಮೆ ಒಂದೇ. ಯುರೋಪಿನಲ್ಲಿ 0.1 ಶೇಕಡಾಕ್ಕಿಂತ ಹೆಚ್ಚು ಹೈಡ್ರೋಜನ್ ಪೆರಾಕ್ಸೈಡ್ ಇರುವುದನ್ನು ಅಂಗಡಿಯಲ್ಲಿ ನೇರ ಮಾರುವಂತಿಲ್ಲ. 6 ಶೇಕಡಾ ತನಕದ್ದು ದಂತವೈದ್ಯರ ಮೂಲಕವೇ, ಅದೂ 18 ತುಂಬಿದವರಿಗೆ ಮಾತ್ರ. ನಾವು ಏನೂ ಕೇಳದೆ ಮೊಬೈಲಿನಲ್ಲಿ ತರಿಸುತ್ತೇವೆ. ಇದು ನನಗೆ ಸರಿ ಕಾಣುವುದಿಲ್ಲ.

ಈ ವಿಧಾನ ಹುಟ್ಟಿದ ಕಥೆಯೂ ಚೆನ್ನಾಗಿದೆ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಅರ್ಕನ್ಸಾದ ವೈದ್ಯರೊಬ್ಬರು ವಸಡು ವಾಸಿಯಾಗಲೆಂದು ರೋಗಿಗಳಿಗೆ ರಾತ್ರಿ ಹಾಕುವ ಹಲ್ಲಿನ ಸಾಧನದಲ್ಲಿ ಪೆರಾಕ್ಸೈಡ್ ಔಷಧಿ ಇಟ್ಟುಕೊಳ್ಳಲು ಹೇಳಿದರು. ವಸಡು ವಾಸಿಯಾಯಿತು, ಜೊತೆಗೆ ಹಲ್ಲೂ ಬೆಳ್ಳಗಾಗಿತ್ತು. ಇದನ್ನು ಕ್ರಮಬದ್ಧವಾಗಿ ಬರೆದು ಪ್ರಕಟಿಸಿದ್ದು 1989ರಲ್ಲಿ ಹೇವುಡ್ ಮತ್ತು ಹೈಮನ್. ಅವರು ಬಳಸಿದ್ದೂ ಇದೇ 10 ಶೇಕಡಾ.

ಮೊದಲು ಮೇಲಿನ ಸಾಲಿಗೆ ಮಾತ್ರ ಹಾಕಿ ಎಂದರು. ಕೆಳಗಿನ ಸಾಲು ಹಾಗೇ ಇದ್ದರೆ ಎಷ್ಟು ವ್ಯತ್ಯಾಸವಾಗಿದೆ ಎಂದು ಹೋಲಿಸಿ ನೋಡಬಹುದು. ರಾತ್ರಿ ಊಟವಾದ ಮೇಲೆ ಬ್ರಶ್ ಮಾಡಿ, ಫ್ರಿಜ್ಜಿನಿಂದ ಸಿರಿಂಜ್ ತೆಗೆದು, ಟ್ರೇಯಲ್ಲಿ ಪ್ರತಿ ಹಲ್ಲಿನ ಮುಂಭಾಗಕ್ಕೆ ಅಕ್ಕಿಕಾಳಿನಷ್ಟು ಜೆಲ್. ಕೂರಿಸಿ ಮೆಲ್ಲಗೆ ಒತ್ತಿ, ವಸಡಿನ ಮೇಲೆ ಬಂದದ್ದನ್ನು ಬೆರಳಿನಿಂದ ಒರೆಸಿಬಿಡುವುದು. ಒರೆಸದೆ ಬಿಟ್ಟರೆ ವಸಡು ಬೆಳ್ಳಗಾಗಿ ಉರಿಯುತ್ತದೆ. ಆಮೇಲೆ ಮಲಗುವುದು. ಬೆಳಿಗ್ಗೆ ಟ್ರೇ ತೆಗೆದು ತಣ್ಣೀರಿನಲ್ಲಿ ತೊಳೆದಿಡುವುದು. ಬಿಸಿನೀರು ಹಾಕಿದರೆ ಟ್ರೇ ಸೊಟ್ಟಗಾಗುತ್ತದೆ.

ಮೊದಲ ರಾತ್ರಿಗಳಲ್ಲಿ ಬಾಯಿತುಂಬ ಜೊಲ್ಲು. ದಿಂಬಿನ ಮೇಲೆ ಟವೆಲ್ ಹಾಸಿ ಮಲಗಿದೆ. ಬೆಳಿಗ್ಗೆ ಎದ್ದು ಕನ್ನಡಿ ನೋಡಿದರೆ ಎದೆ ಧಸಕ್ಕೆಂದಿತು. ಕಂದು ಪಟ್ಟೆ ಇದ್ದಲ್ಲೇ ಇದೆ, ಬಿಳಿ ಚುಕ್ಕೆಗಳು ಮಾತ್ರ ಮೊದಲಿಗಿಂತ ಎದ್ದು ಕಾಣುತ್ತಿವೆ. ಡಾಕ್ಟರ್ ಇದನ್ನು ಮುಂಚೆಯೇ ಹೇಳಿದ್ದರು. ರಾತ್ರಿಯೆಲ್ಲ ಜೆಲ್ ಇದ್ದಾಗ ಹಲ್ಲಿನ ತೇವ ಕಡಿಮೆಯಾಗುತ್ತದೆ, ಆಗ ಚುಕ್ಕೆ ಇನ್ನೂ ಬೆಳ್ಳಗೆ ತೋರುತ್ತದೆ. ಹಗಲು ಕಳೆದಂತೆ ತೇವ ಮರಳಿ ತಿಳಿಯಾಗುತ್ತದೆ. ಮೊದಲೇ ಹೇಳಿರದಿದ್ದರೆ ನಾನು ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದೆ. ಫ್ಲೋರೋಸಿಸ್ ಇರುವವರು ಜೆಲ್ ಹಾಕಿದರೆ ಈ ಮಚ್ಚೆಮಚ್ಚೆಯ ಹಂತ ಬಂದೇ ಬರುತ್ತದೆ ಎಂದುಕೊಳ್ಳಿ. ಮದುವೆ, ಸಂದರ್ಶನ ಎಂಬ ಕಾರಣಕ್ಕೆ ಹಾಕುವವರು ಆ ದಿನಕ್ಕೆ ತುಂಬಾ ಹತ್ತಿರದಲ್ಲಿ ಶುರುಮಾಡಬಾರದು.

ಮೊದಲ ವಾರ ಕಳೆಯುತ್ತಿದ್ದಂತೆ ಜುಮ್ಮೆನ್ನುವುದು ಶುರುವಾಯಿತು. ತಣ್ಣನೆಯ ಮಜ್ಜಿಗೆ ತಾಗಿದರೆ ಸರಿ, ಏನೂ ತಾಗದೆ ಪಾಠ ಹೇಳುತ್ತಾ ನಿಂತಿದ್ದಾಗಲೂ ಒಂದು ಹಲ್ಲಿನಲ್ಲಿ ಚುಳ್ ಎಂದು ಹೊಡೆದು ಹೋಗುತ್ತಿತ್ತು. ಮಾತು ಅರ್ಧಕ್ಕೆ ನಿಂತುಬಿಡುತ್ತಿತ್ತು. ಪೆರಾಕ್ಸೈಡ್ ಹಲ್ಲಿನ ಒಳಗಿನ ನರದ ಭಾಗವನ್ನು ಕೆಲವೇ ನಿಮಿಷಗಳಲ್ಲಿ ಮುಟ್ಟುತ್ತದೆ, ಅದು ಕೆರಳುವುದರಿಂದ ಈ ನೋವು. ಹೆದರುವಂಥದ್ದಲ್ಲ, ನಿಲ್ಲಿಸಿದರೆ ಹೋಗುತ್ತದೆ. ಡಾಕ್ಟರಿಗೆ ಫೋನ್ ಮಾಡಿದೆ. ದಿನ ಬಿಟ್ಟು ದಿನ ಹಾಕಿ, ಬಿಟ್ಟ ದಿನ ಅದೇ ಟ್ರೇಯಲ್ಲಿ ಪೊಟ್ಯಾಶಿಯಮ್ ನೈಟ್ರೇಟ್ ಪೇಸ್ಟನ್ನು ಸ್ವಲ್ಪ ಹೊತ್ತು ಇಟ್ಟುಕೊಳ್ಳಿ ಎಂದರು. ಇದು ನಿಜಕ್ಕೂ ಕೆಲಸ ಮಾಡಿತು. ನಡುವೆ ಬಿಟ್ಟರೆ ಫಲ ಹೋಗುತ್ತದೆ ಎಂಬ ಭಯ ಬೇಡ, ತಡವಾಗುತ್ತದೆ ಅಷ್ಟೆ. ನೋವು ಸಹಿಸಿಕೊಂಡು ಹಾಕುವುದರಲ್ಲಿ ಏನೂ ಸಾಧನೆ ಇಲ್ಲ.

ಊಟದ ವಿಷಯ ತುಂಬಾ ಜನ ಕೇಳುತ್ತಾರೆ. ಬಿಳಿ ಪದಾರ್ಥಗಳನ್ನೇ ತಿನ್ನಬೇಕು ಎಂದು ಎಲ್ಲೆಡೆ ಬರೆದಿರುತ್ತಾರೆ. ಅರಿಶಿನ ಇಲ್ಲದ ಅಡುಗೆ ನಮ್ಮ ಮನೆಗಳಲ್ಲಿ ಎಲ್ಲಿದೆ? ಸಾರು, ಹುಳಿ, ಚಿತ್ರಾನ್ನ, ಬೀಟ್‌ರೂಟ್ ಪಲ್ಯ ಬಿಟ್ಟು ತಿಂಗಳುಗಟ್ಟಲೆ ಇರಲಾಗುವುದಿಲ್ಲ. ನನ್ನ ಡಾಕ್ಟರ್ ಅಷ್ಟು ಕಟ್ಟುನಿಟ್ಟು ಮಾಡಲಿಲ್ಲ. ಬೆಳಿಗ್ಗೆ ಟ್ರೇ ತೆಗೆದ ಕೂಡಲೇ ಕಾಫಿ ಕುಡಿಯಬೇಡಿ, ಸ್ವಲ್ಪ ಹೊತ್ತು ಬಿಡಿ, ಏನು ತಿಂದರೂ ನೀರಿನಿಂದ ಮುಕ್ಕಳಿಸಿ ಎಂದರು. ಎಲೆ ಅಡಿಕೆ ಮಾತ್ರ ಪೂರ್ತಿ ಬೇಡ ಎಂದರು. ನನಗೆ ಆ ಅಭ್ಯಾಸ ಇಲ್ಲ. ನಾನು ಮುದ್ದೆ, ಸೊಪ್ಪಿನ ಸಾರು ಎಲ್ಲವನ್ನೂ ತಿಂದುಕೊಂಡೇ ಮುಗಿಸಿದೆ.

ಸಾಮಾನ್ಯ ಹಳದಿ ಹಲ್ಲಿಗೆ ಎರಡು ಮೂರು ವಾರ ಸಾಕಾಗುತ್ತದಂತೆ. ನನ್ನಂಥ ಕಂದು ಕಲೆಗೆ ಅಷ್ಟು ಸಾಲದು. ಮೊದಲು ಬದಲಾದದ್ದು ಪಟ್ಟೆಯಲ್ಲ, ಅದರ ಸುತ್ತಲಿನ ಹಲ್ಲು. ಕೆಳಗಿನ ಸಾಲಿನ ಪಕ್ಕ ಇಟ್ಟು ನೋಡಿದಾಗಲೇ ಮೇಲಿನದು ಎಷ್ಟು ತಿಳಿಯಾಗಿದೆ ಎಂದು ಗೊತ್ತಾದದ್ದು. ಆಮೇಲೆ ಪಟ್ಟೆಗಳ ಅಂಚು ಮಸುಕಾಯಿತು. ಕಾಫಿ ಬಣ್ಣದ್ದು ಜೇನು ಬಣ್ಣಕ್ಕೆ, ಜೇನು ಬಣ್ಣದ್ದು ಇನ್ನೂ ತೆಳ್ಳಗೆ. ಎರಡು ತಿಂಗಳು ದಾಟುವ ಹೊತ್ತಿಗೆ ಬಹುಪಾಲು ಹೋಗಿತ್ತು. ನಡುವಿನ ಎರಡು ಹಲ್ಲುಗಳಲ್ಲಿ ಒಂದರ ಮೇಲೆ ಮಾತ್ರ ಒಂದು ಗೆರೆ ಹಟ ಹಿಡಿದು ಕೂತಿತ್ತು.

ಅದಕ್ಕೆ ಕ್ಲಿನಿಕ್ಕಿನಲ್ಲಿ ಮೈಕ್ರೋಅಬ್ರೇಶನ್ ಮಾಡಿದರು. ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿ ವಸಡನ್ನು ಮುಚ್ಚಿ, ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಉಜ್ಜಿ ಸವೆಸುವ ನುಣ್ಣನೆಯ ಪುಡಿ ಸೇರಿದ ಪೇಸ್ಟಿನಿಂದ ಮೇಲ್ಮೈಯನ್ನು ಕೂದಲೆಳೆಯಷ್ಟು ಉಜ್ಜಿ ತೆಗೆಯುವುದು. ಆಮ್ಲ ಎಂದಾಗ ಭಯವಾಯಿತು, ಆದರೆ ನೋವಿರಲಿಲ್ಲ. ಆಮೇಲೆ ಫ್ಲೋರೈಡ್ ಜೆಲ್ ಹಚ್ಚಿದರು. ಹಲ್ಲನ್ನು ಹೀಗೆ ಮಾಡಿದ ಫ್ಲೋರೈಡನ್ನೇ ಮತ್ತೆ ಹಚ್ಚುವುದೇ ಎಂದು ಕೇಳಿಬಿಟ್ಟೆ. ಹಲ್ಲು ರೂಪುಗೊಳ್ಳುವಾಗ ಹೊಟ್ಟೆಗೆ ಹೋದ ಹೆಚ್ಚಿನ ಫ್ಲೋರೈಡ್ ಕೆಡುಕು ಮಾಡಿತು, ಬೆಳೆದ ಹಲ್ಲಿನ ಮೇಲೆ ಹೊರಗಿನಿಂದ ಹಚ್ಚಿದ್ದು ಎನಾಮೆಲನ್ನು ಗಟ್ಟಿ ಮಾಡುತ್ತದೆ ಎಂದರು. ನಮ್ಮೂರಿನವರಿಗೆಲ್ಲ ಈ ವ್ಯತ್ಯಾಸ ಗೊತ್ತಾಗಬೇಕು. ಬೆಳೆದವರೂ ಫ್ಲೋರೈಡ್ ಪೇಸ್ಟ್ ಕಂಡರೆ ಹೆದರಿ ಬಿಟ್ಟುಬಿಡುತ್ತಾರೆ, ಹುಳುಕು ತಂದುಕೊಳ್ಳುತ್ತಾರೆ.

ಜೆಲ್ ನಿಲ್ಲಿಸಿದ ಮೇಲೆ ಬಣ್ಣ ಸ್ವಲ್ಪ ಹಿಂದಕ್ಕೆ ಬಂತು. ತೇವ ಮರಳಿದಾಗ ಹೀಗಾಗುವುದು ಸಹಜ. ಕೊನೆಗೆ ನಿಂತದ್ದು ಎ 2 ಹತ್ತಿರ. ಮುಂದಿನ ಹಳೆಯ ಫಿಲ್ಲಿಂಗ್ ಆಗ ಮಣ್ಣಿನ ಬಣ್ಣಕ್ಕೆ ಕಾಣುತ್ತಿತ್ತು. ಅದನ್ನು ಕೂಡಲೇ ಬದಲಿಸುವಂತಿರಲಿಲ್ಲ. ಹಲ್ಲಿನೊಳಗೆ ಉಳಿದ ಆಮ್ಲಜನಕ ಹೊಸ ರೆಸಿನ್ ಸರಿಯಾಗಿ ಅಂಟದಂತೆ ಮಾಡುತ್ತದೆ, ಹಾಗಾಗಿ ಎರಡು ವಾರ ಕಾಯಬೇಕು. ಕಾದು, ಹೊಸ ಬಣ್ಣಕ್ಕೆ ಹೊಂದಿಸಿ ಹಾಕಿಸಿಕೊಂಡೆ. ಬಿಳಿ ಚುಕ್ಕೆಗಳು ಈಗಲೂ ಇವೆ. ಹತ್ತಿರ ಬಂದು ನೋಡಿದರೆ ಕಾಣುತ್ತವೆ. ಅವುಗಳಿಗೆ ರೆಸಿನ್ ಇಳಿಸುವ ಬೇರೆ ಚಿಕಿತ್ಸೆ ಇದೆ, ಸದ್ಯಕ್ಕೆ ನನಗೆ ಬೇಡ ಎನ್ನಿಸಿದೆ. ಸಿನಿಮಾದವರ ಹಲ್ಲಿನ ಬಿಳುಪು ನನಗೆ ಬೇಕಿರಲಿಲ್ಲ. ಆರೋಗ್ಯದ ಹಲ್ಲಿಗೂ ಒಂದಿಷ್ಟು ಹಳದಿ ಇದ್ದೇ ಇರುತ್ತದೆ. ಎದುರಿಗಿರುವವರು ನಾನು ಹೇಳುವುದನ್ನು ಕೇಳಲಿ, ಹಲ್ಲನ್ನು ನೋಡುತ್ತಾ ಕೂರದಿರಲಿ ಎನ್ನುವುದಷ್ಟೇ ನನ್ನ ಆಸೆ ಇತ್ತು. ಅದು ಸಿಕ್ಕಿದೆ.

ಹಬ್ಬಕ್ಕೆ ಊರಿಗೆ ಹೋದಾಗ ಅಕ್ಕನ ಮಕ್ಕಳು ಸುತ್ತ ಕೂತು ಟ್ರೇ ತೋರಿಸು ಎಂದರು. ದೊಡ್ಡವಳಿಗೆ ಹೊಸದಾಗಿ ಬಂದ ಮುಂದಿನ ಹಲ್ಲುಗಳಲ್ಲಿ ಆಗಲೇ ಬಿಳಿ ಗೆರೆಗಳಿವೆ. ಚಿಕ್ಕವನಿಗೆ ಇನ್ನೂ ಹಾಲುಹಲ್ಲು, ಅವನ ದೊಡ್ಡ ಹಲ್ಲುಗಳು ಈಗ ಒಳಗೆ ರೂಪುಗೊಳ್ಳುತ್ತಿವೆ. ಅಕ್ಕ ಕುಡಿಯಲು ಬೋರ್‌ವೆಲ್ ನೀರನ್ನು ಚೆನ್ನಾಗಿ ಕುದಿಸಿ ಆರಿಸಿಡುತ್ತಿದ್ದಳು. ಕುದಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಇದನ್ನು ಹೇಳಿದಾಗ ಅವಳು ನಂಬಲೇ ಇಲ್ಲ. ಮಾರನೆಯ ದಿನ ಇಬ್ಬರೂ ಬಾಟಲಿಯಲ್ಲಿ ನೀರು ಹಿಡಿದು ಪರೀಕ್ಷೆಗೆ ಕೊಟ್ಟು ಬಂದೆವು. ಈಗ ಕುಡಿಯುವುದಕ್ಕೆ ಮಾತ್ರವಲ್ಲ, ಅನ್ನ ಸಾರಿಗೂ ಊರಿನ ಶುದ್ಧ ನೀರಿನ ಘಟಕದಿಂದಲೇ ಕ್ಯಾನ್ ತರಿಸುತ್ತಾಳೆ. ದೊಡ್ಡವಳ ಟ್ರೇ ವಿಷಯವನ್ನು ಅವಳಿಗೆ 18 ತುಂಬಿದ ಮೇಲೆ ಮಾತಾಡೋಣ ಎಂದಿದ್ದೇನೆ.